ಯಂತ್ರ ಬರೆಯದ ಹನ್ನೊಂದು ಸಾಲು

ದೂರು ಠಾಣೆಗೆ ಬಂದದ್ದು 2025ರ ನವೆಂಬರ್ 27, ಗುರುವಾರ, ಮಧ್ಯಾಹ್ನ 12.15ಕ್ಕೆ. ತಂದವನು ಪರಮೇಶ. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ಅವನ ಅಂಗಿಯ ತುಂಬ ಕೆಂಪು ಪುಡಿ ಇತ್ತು. ಬರೆಯುತ್ತ ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಹುಲಗೇಶ ಎರಡು ಸಲ ಸೀನಿದ.

ಪರಮೇಶನ ಮಗಳು ಹುಟ್ಟಿ ಮೂರು ದಿನವಾಗಿತ್ತು. ತೂಕ ಕಡಿಮೆ ಇದ್ದುದರಿಂದ ವಿದ್ಯಾನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಅವಳನ್ನು ವಾರ್ಮರಿನಲ್ಲಿ ಇಟ್ಟಿದ್ದರು. ಮೇಲಿನಿಂದ ಹೀಟರ್ ಕಾವು ಕೊಡುವ ತೊಟ್ಟಿಲು ಅದು. ಆ ದಿನ ಬೆಳಿಗ್ಗೆ ಹೀಟರ್ ನಿಂತುಹೋಗಿತ್ತು. ನಿಂತರೆ ಒಂದು ನಿಮಿಷದೊಳಗೆ ಅಲಾರಾಂ ಕೂಗಬೇಕು. ಕೂಗಿರಲಿಲ್ಲ.

ಇನ್‌ಸ್ಪೆಕ್ಟರ್ ಮಂದಾಕಿನಿ ಒಳಗಿನ ಕೋಣೆಯಿಂದ ಬಂದು ನಿಂತರು.

"ಕೂಸು ಹೆಂಗೈತಿ?"

"ಐತ್ರಿ. ಅವ್ವನ ಎದಿ ಮ್ಯಾಲ ಹಾಕ್ಯಾರ. ಬೆಚ್ಚಗಾಗೇತಿ ಅಂದ್ರು."

"ಹಾಲು ಕುಡದೈತೇನು?"

"ಹನ್ನೊಂದಕ್ಕ ಕುಡೀತ್ರಿ."

"ಹಂಗಾರ ಕುಂದರ್ರಿ. ನೀರು ಕುಡದು ಆಮ್ಯಾಲ ಹೇಳ್ರಿ."

12.50ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 125, ಇನ್ನೊಬ್ಬರ ಜೀವಕ್ಕೆ ಅಪಾಯ ತರುವ ಕೃತ್ಯ. ಆರೋಪಿ: ಅಪರಿಚಿತ.

ನರ್ಸಿಂಗ್ ಹೋಮಿನಲ್ಲಿ ಸ್ಥಳ ಪಂಚನಾಮೆ 1.30ಕ್ಕೆ ಆರಂಭವಾಯಿತು. ಕೂಸು ಮೊದಲು ತಣ್ಣಗಾದದ್ದನ್ನು ಕಂಡವಳು ನರ್ಸ್ ಶಾಹೀನ. ಅವಳ ಹೇಳಿಕೆ ಚಿಕ್ಕದು.

"ಎಷ್ಟು ಹೊತ್ತಿಗೆ ನೋಡಿದ್ರಿ?"

"ಒಂಬತ್ತಕ್ಕ ಹತ್ತು ನಿಮಿಷ ಇತ್ರಿ."

"ಅಲಾರಾಂ ಕೂಗಿರಲಿಲ್ಲ. ಮತ್ತ ಯಾಕ ಹೋದ್ರಿ?"

"ಸುಮ್ನ ಹೊಂಟಿದ್ದೆ. ಕೂಸಿನ ಕಡೆ ಹಾದ್ರ ಮೊದಲ ಅಂಗಾಲು ಮುಟ್ಟಬೇಕು ಅಂತ ನಮ್ಮಮ್ಮಿ ಹೇಳತಿದ್ಲು. ಆಕಿ ಸೂಲಗಿತ್ತಿ. ಮುಟ್ಟಿದೆ. ತಣ್ಣಗಿತ್ತು."

ಹೀಟರಿನ ತಂತಿ ಸುಟ್ಟಿತ್ತು. ಅದು ಯಾವ ಹೀಟರಿಗಾದರೂ ಆಗುವಂಥದ್ದು. ಪಕ್ಕದಲ್ಲೇ ಇನ್ನೊಂದು ಹಳೆಯ ವಾರ್ಮರ್ ಇತ್ತು. ಮಂದಾಕಿನಿ ಅದರ ಹೀಟರಿನ ತಂತಿ ಬಿಚ್ಚಿಸಿದರು. ಐವತ್ತು ಸೆಕೆಂಡಿಗೆ ಅಲಾರಾಂ ಕೂಗಿತು. ಬಳಿಕ ಪ್ರಕರಣದ ವಾರ್ಮರಿಗೂ ವಿದ್ಯುತ್ ಕೊಟ್ಟು ನೋಡಿದರು. ಐದು ನಿಮಿಷ, ಹತ್ತು ನಿಮಿಷ, ಏನೂ ಇಲ್ಲ. ಹುಲಗೇಶ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ.

ಮೂವತ್ತೊಂದನೆಯ ನಿಮಿಷಕ್ಕೆ ಅದು ಕೂಗಿತು.

"ಅಲಾರಾಂ ಕೆಟ್ಟಿಲ್ಲ ಮೇಡಮ್," ಹುಲಗೇಶ ಹೇಳಿದ. "ತಡೀ ಅಂತ ಯಾರೋ ಹೇಳಿಕೊಟ್ಟಾರ."

ವಾರ್ಮರಿನ ಹಿಂದಿನ ಬೋರ್ಡನ್ನು ಒಂದು ವಾರದ ಹಿಂದೆ ಬದಲಿಸಿದ್ದರು. ಹೊಸದರ ಮೇಲೆ 'ಬೆಳವಡಿ ಕಂಟ್ರೋಲ್ಸ್, ಲಕಮನಹಳ್ಳಿ, ಧಾರವಾಡ' ಎಂಬ ಚೀಟಿ ಇತ್ತು. ಮಂದಾಕಿನಿ ಅಲ್ಲಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ಇಂಥ ಬೋರ್ಡು ಎಷ್ಟು ಹೋಗಿವೆ? ಆರು. ಉಳಿದ ಐದರಲ್ಲಿ ಎರಡು ಗದಗಿನಲ್ಲಿ, ಒಂದು ನವಲಗುಂದದಲ್ಲಿ, ಎರಡು ಹುಬ್ಬಳ್ಳಿಯಲ್ಲೇ ಇದ್ದವು. ಸಂಜೆ 6.15ರ ಹೊತ್ತಿಗೆ ಐದನ್ನೂ ನಿಲ್ಲಿಸಿಯಾಗಿತ್ತು. ಯಾವ ಕೂಸಿಗೂ ಏನೂ ಆಗಿರಲಿಲ್ಲ. ಮಂದಾಕಿನಿ ಅದನ್ನು ಕೇಸ್ ಡೈರಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದರು.

ಮರುದಿನ, ನವೆಂಬರ್ 28, ಬೆಳಿಗ್ಗೆ 10.20. ಬೆಳವಡಿ ಕಂಟ್ರೋಲ್ಸ್ ಎಂದರೆ ಒಂದು ಶೆಡ್ಡು, ಅದರ ಮೇಲೊಂದು ಆಫೀಸು. ಮಾಲೀಕ ಬಸವಪ್ರಭು ಬಾಗಿಲಲ್ಲೇ ಕಾಯುತ್ತಿದ್ದ.

"ಯಾರು ಮಾಡ್ಯಾರ ಅಂತ ನಮಗ ಗೊತ್ತೈತ್ರಿ ಮೇಡಮ್ಮರ. ನಿಮಗ ತ್ರಾಸು ಬ್ಯಾಡ."

"ಯಾರು?"

"ಸುಕನ್ಯಾ ಅಂತ. ನಮ್ಮಲ್ಲೇ ಎಂಜಿನಿಯರು. ಈ ತಿಂಗಳ ಮೂರಕ್ಕ ರಾಜೀನಾಮೆ ಕೊಟ್ಟಾಳ. ಸರಕಾರಿ ಪಾಲಿಟೆಕ್ನಿಕ್‌ದಾಗ ನೌಕರಿ ಸಿಕ್ಕೈತಂತ. ನಾನು ಒಂದೀಟು ಬೈದಿದ್ದೆ. ಅದರ ಸಿಟ್ಟು. ಬೋರ್ಡಿಗೆ ಹೋದ ಪ್ರೋಗ್ರಾಮ್ ಆಕಿ ಕಂಪ್ಯೂಟರಿನಿಂದನ ಹೋಗೇತಿ, ಆಕಿ ಹೆಸರಿನ್ಯಾಗ."

ಸುಕನ್ಯಾಗೆ ಇಪ್ಪತ್ತೇಳು ವರ್ಷ. ಉತ್ತರ ಕೊಡುವ ಮೊದಲು ಪ್ರತಿ ಸಲ ಒಂದು ಕ್ಷಣ ತಡೆಯುತ್ತಿದ್ದಳು.

"ಪ್ರೋಗ್ರಾಮ್ ನೀವು ಬರದದ್ದ?"

"ಇಲ್ರಿ. ಯಾರೂ ಬರೀಲಿಲ್ಲ. ಯಂತ್ರ ಬರದದ್ದು."

ಅವಳು ವಿವರಿಸಿದಳು. ಏಪ್ರಿಲಿನಿಂದ ಇಲ್ಲಿ ಯಾರೂ ಕೋಡ್ ಬರೆಯುತ್ತಿರಲಿಲ್ಲ. ಪರದೆಯ ಮೇಲೆ ಡಬ್ಬಿಗಳನ್ನೂ ಬಾಣಗಳನ್ನೂ ಹಾಕಿ ಚಿತ್ರ ಬಿಡಿಸಬೇಕು: ಇಷ್ಟು ತಣ್ಣಗಾದರೆ ಹೀಟರ್, ಹೀಟರ್ ನಿಂತರೆ ಅಲಾರಾಂ. ಒಂದು ಗುಂಡಿ ಒತ್ತಿದರೆ ಆ ಚಿತ್ರದಿಂದ ಯಂತ್ರವೇ ಕೋಡ್ ಬರೆಯುತ್ತದೆ. ಅದು ಬರೆದದ್ದು ಮನುಷ್ಯರು ಓದುವಂತೆ ಇರುವುದಿಲ್ಲ. ಅಲಾರಾಂ ಎಂಬ ಹೆಸರಿರಬೇಕಾದ ಕಡೆ ಒಂದು ಅಕ್ಷರ, ನಾಲ್ಕು ಅಂಕಿ. ಎಲ್ಲ ಸಾಲೂ ಎಡ ಅಂಚಿಗೆ ಅಂಟಿಕೊಂಡು ಬರುತ್ತವೆ. ನಡುವೆ ಉಸಿರಾಡಲು ಜಾಗವಿಲ್ಲ. ಕಡತದ ಮೊದಲ ಸಾಲಿನಲ್ಲೇ ಇಂಗ್ಲಿಷಿನಲ್ಲಿ ಎಚ್ಚರಿಕೆ ಇರುತ್ತದೆ: ಇದನ್ನು ಯಂತ್ರ ಬರೆದಿದೆ, ಕೈಯಿಂದ ತಿದ್ದಬೇಡಿ.

"ತಿದ್ದಾಕ ಬರತೈತೇನು?"

"ಬರತೈತ್ರಿ. ಆದ್ರ ಯಾರೂ ಅದನ್ನ ತಗದ ನೋಡೂದಿಲ್ಲ."

"ನಿಮ್ಮ ಕಂಪ್ಯೂಟರ್ ಬ್ಯಾರೆಯವರು ಮುಟ್ಟತಾರೇನು?"

"ಎಲ್ಲಾರೂ. ಆ ಯಂತ್ರದ ಲೈಸೆನ್ಸ್ ಒಂದ ಐತ್ರಿ, ನನ್ನ ಕಂಪ್ಯೂಟರಿಗೆ. ಪಾಸ್‌ವರ್ಡ್ ಅಲ್ಲೇ ಅಂಟಿಸ್ಯಾರ."

ಪರದೆಯ ಅಂಚಿಗೆ ಹಳದಿ ಚೀಟಿ ಅಂಟಿಸಿತ್ತು. ಹುಲಗೇಶ ಅದರ ಫೋಟೊ ತೆಗೆದ. "ಮನಿ ಕೀಲಿ ಬಾಗಲಿಗೇ ತೂಗಹಾಕಿದಂಗಾತು," ಎಂದ.

"ಅಲಾರಾಂ ಪರೀಕ್ಷೆ ಮಾಡಿ ಕಳಿಸಿದ್ರೇನು?"

ಸುಕನ್ಯಾ ಫೋನಿನಲ್ಲಿ ಒಂದು ಮೇಲ್ ತೆಗೆದು ತೋರಿಸಿದಳು. ನವೆಂಬರ್ 13. ಹೀಟರ್ ಬಿಚ್ಚಿ ಅಲಾರಾಂ ಕೇಳದೆ ಬೋರ್ಡು ಕಳಿಸುವುದು ಬೇಡ ಎಂದು ಅವಳು ಬರೆದಿದ್ದಳು. ಕೆಳಗೆ ಬಸವಪ್ರಭುವಿನ ಉತ್ತರ: ಯಂತ್ರ ಬರೆದದ್ದರಲ್ಲಿ ತಪ್ಪಿರುವುದಿಲ್ಲ. ನಾಳೆಯೇ ಹೋಗಲಿ.

ಮಂದಾಕಿನಿ ಬಸವಪ್ರಭುವಿನ ಕಡೆ ನೋಡಿದರು. ಅವನು ಫ್ಯಾನಿನ ರೆಗ್ಯುಲೇಟರ್ ತಿರುಗಿಸುತ್ತ ನಿಂತಿದ್ದ.

ಮೇಲ್ ಇದ್ದರೂ ಅವಳ ಮೇಲಿನ ಸಂಶಯ ಹೋಗಲಿಲ್ಲ. ಕಡತವನ್ನು ಯಾರೋ ತಿದ್ದಿದ್ದರು. ಯಂತ್ರ ಅದನ್ನು ಬರೆದದ್ದು ನವೆಂಬರ್ 10ರ ಬೆಳಿಗ್ಗೆ 11.05ಕ್ಕೆ, ಅದೇ ದಿನ ಮಧ್ಯಾಹ್ನ 1.32ಕ್ಕೆ ಮತ್ತೊಮ್ಮೆ ಉಳಿಸಿದ ದಾಖಲೆ ಇತ್ತು, ಸುಕನ್ಯಾಳ ಹೆಸರಿನಲ್ಲೇ. ಎಫ್‌ಐಆರ್‌ಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66 ಸೇರಿತು. ಸುಕನ್ಯಾಗೆ ತನಿಖೆಗೆ ಹಾಜರಾಗುವಂತೆ ನೋಟಿಸು ಕೊಡಲಾಯಿತು.

ನೋಟಿಸಿಗೆ ಸಹಿ ಹಾಕಿ ಅವಳು ಕೇಳಿದಳು, "ಮೇಡಮ್, ನನ್ನ ಪೊಲೀಸ್ ವೆರಿಫಿಕೇಶನ್ ನಿಮ್ಮ ಠಾಣೆಗೇ ಬಂದೈತ್ರಿ. ಡಿಸೆಂಬರ್ ಐದರೊಳಗ ಹಾಜರಾಗಬೇಕು. ಇಲ್ಲಾಂದ್ರ ಆ ಹುದ್ದೆ ಮುಂದಿನವರಿಗೆ ಹೋಕ್ಕೈತಿ."

ಆ ಅರ್ಜಿ ಮಂದಾಕಿನಿಯ ಮೇಜಿನ ಮೇಲೆ ನಾಲ್ಕು ದಿನದಿಂದ ಇತ್ತು. ಅರ್ಜಿದಾರರ ಮೇಲೆ ಯಾವುದಾದರೂ ಪ್ರಕರಣ ಇದೆಯೇ ಎಂಬ ಕಾಲಂ ಖಾಲಿ ಇತ್ತು.

"ಹೌದು, ಬಂದೈತಿ," ಎಂದರು. ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಲು ಅವರಿಗೆ ಅಧಿಕಾರವಿರಲಿಲ್ಲ.

ತಿದ್ದಿದ್ದು ಎಲ್ಲಿ ಎಂದು ಕಂಪ್ಯೂಟರಿಗೇ ಕೇಳಬಹುದಿತ್ತು. ಅದೇ ಚಿತ್ರದಿಂದ ಕೋಡನ್ನು ಮತ್ತೆ ಬರೆಸಿ ಎರಡನ್ನೂ ಹೋಲಿಸಿದರೆ ಸಾಕು. ಆದರೆ ಚಿತ್ರಕ್ಕೆ 20ರಂದು ಎರಡು ಹೊಸ ಡಬ್ಬಿ ಸೇರಿಸಿದ್ದರು. ಹಳೆಯ ಚಿತ್ರ ಇಟ್ಟಿರಲಿಲ್ಲ. ಒಂದು ಡಬ್ಬಿ ಸೇರಿಸಿದರೂ ಯಂತ್ರ ಎಲ್ಲ ಹೆಸರಿಗೂ ಹೊಸ ಅಂಕಿ ಕೊಡುತ್ತದೆ. ಹೋಲಿಸಿದಾಗ ಕಂಪ್ಯೂಟರ್ ಒಂಬತ್ತು ಸಾವಿರ ಸಾಲಿನಲ್ಲಿ ಎಂಟು ಸಾವಿರ ಬೇರೆ ಎಂದು ತೋರಿಸಿತು. ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರೆ ವರದಿಗೆ ಕನಿಷ್ಠ ಒಂದು ತಿಂಗಳು.

ಹಾರ್ಡ್ ಡಿಸ್ಕ್ ಜಪ್ತಿಯಾಯಿತು. ಅದರ ಜೊತೆಗೆ ಆ ಕಡತವನ್ನು ಪೂರ್ತಿ ಮುದ್ರಿಸುವಂತೆ ಮಂದಾಕಿನಿ ಹೇಳಿದರು. ನೂರಾ ಐವತ್ತನಾಲ್ಕು ಪುಟ ಬಂತು. ಜಪ್ತಿ ಪಂಚನಾಮೆಯಲ್ಲಿ ಪ್ರತಿ ಪುಟಕ್ಕೂ ಇಬ್ಬರು ಪಂಚರು ಸಹಿ ಹಾಕಬೇಕು. ಒಬ್ಬ ಎದುರಿನ ಚಹಾದಂಗಡಿಯವನು. ಇನ್ನೊಬ್ಬರು ದಸ್ತಗೀರಸಾಬ, ವಯಸ್ಸು ಎಪ್ಪತ್ತೊಂದು. ಪಕ್ಕದ ಗೋದಾಮಿನಲ್ಲಿ ವಾಚ್‌ಮನ್. ಅದಕ್ಕೂ ಮೊದಲು ಮೂವತ್ತು ವರ್ಷ ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕಂಪೋಜಿಟರ್ ಆಗಿದ್ದವರು.

ಮಧ್ಯಾಹ್ನ 2.40ಕ್ಕೆ ಸಹಿ ಶುರುವಾಯಿತು. ಚಹಾದಂಗಡಿಯವನು ಅರ್ಧ ತಾಸಿನಲ್ಲಿ ಮುಗಿಸಿ ಹೋಗಿ ಚಹಾ ಕಳಿಸಿದ. ದಸ್ತಗೀರಸಾಬ ಇನ್ನೂ ನಲವತ್ತನೆಯ ಪುಟದಲ್ಲಿದ್ದರು.

"ಚಾಚಾ, ಸಹಿ ಅಷ್ಟ ಬೇಕು," ಹುಲಗೇಶ ಹೇಳಿದ. "ಪರೀಕ್ಷಿಗೇನು ಕೂತೀರಿ?"

"ನೋಡದ ಸಹಿ ಹಾಕಿ ರೂಢಿ ಇಲ್ಲಪ."

"ಇಂಗ್ಲಿಷ್ ಬರತೈತೇನು ನಿಮಗ?"

"ಇಲ್ಲ. ಇಂಗ್ಲಿಷ್ ಪುಸ್ತಕ ಮಾತ್ರ ನೂರಾರು ಜೋಡಿಸೀನಿ."

4.25ಕ್ಕೆ ಅವರು ಪೆನ್ನು ಕೆಳಗಿಟ್ಟರು. ತೊಂಬತ್ತೇಳನೆಯ ಪುಟ.

"ಬಾಯಾರ," ಮಂದಾಕಿನಿಯನ್ನು ಕರೆದರು. "ಇದು ಬ್ಯಾರೆ ಕೈ ಐತಿ."

"ಎಲ್ಲಿ?"

"ಇಲ್ಲಿಂದ ಇಲ್ಲಿಗೆ. ಉಳದದ್ದೆಲ್ಲಾ ಮೊಳಿ ಡಬ್ಬಿ ಸುರುವಿದಂಗ ಐತಿ. ಈ ಹನ್ನೊಂದು ಸಾಲು ನೋಡ್ರಿ. ಮ್ಯಾಲೊಂದು ಸಾಲು ಬಿಟ್ಟಾನ, ಕೆಳಗೊಂದು ಬಿಟ್ಟಾನ. ಒಳಗ ಸರಿಸ್ಯಾನ. ಈ ಎರಡು ಗೀಟಿನ ಗುರುತು ಐತಲ್ಲ, ಒಂದರ ಕೆಳಗ ಒಂದು ನಿಂತಾವು. ದಾರ ಹಿಡದಂಗ." ಅವರು ಸ್ಕೇಲನ್ನು ನೆಟ್ಟಗೆ ಇಟ್ಟು ತೋರಿಸಿದರು. ಹನ್ನೊಂದು ಸಾಲಿನ ಸಮ ಚಿಹ್ನೆಗಳೂ ಸ್ಕೇಲಿನ ಅಂಚಿಗೆ ತಾಗಿ ನಿಂತಿದ್ದವು. "ಯಂತ್ರಕ್ಕ ಇದರ ಚಿಂತಿ ಇರೂದಿಲ್ಲ. ಇದು ಓದೋರ ಕಣ್ಣಿಗೆ ತ್ರಾಸಾಗಬಾರದು ಅನ್ನೋ ಮನಶ್ಯಾನ ಕೆಲಸ. ಛಲೋ ಕೈ."

ಮಂದಾಕಿನಿ ಸುಕನ್ಯಾಳನ್ನು ಕರೆಸಿದರು. ಅವಳು ಪುಟ ನೋಡಿದಳು. ಹನ್ನೊಂದು ಸಾಲು ಏನು ಮಾಡುತ್ತವೆ ಎಂದು ಓದಿ ಹೇಳಿದಳು: ಹೀಟರ್ ನಿಂತ ಮೇಲೆ ಮೂವತ್ತು ನಿಮಿಷ ಎಣಿಸಿ, ಆಮೇಲೆ ಅಲಾರಾಂ ಬಿಡುತ್ತವೆ.

"ಯಾರು ಹಿಂಗ ಬರೀತಾರ ಇಲ್ಲೆ?"

ಅವಳು ಪುಟವನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟಳು.

"ನನಗ ಹೇಳಾಕ ಆಗೂದಿಲ್ರಿ."

"ಗೊತ್ತಿಲ್ಲೋ, ಹೇಳೂದಿಲ್ಲೋ?"

ಸುಕನ್ಯಾ ಪುಟವನ್ನು ಮಂದಾಕಿನಿಯ ಕಡೆ ಸರಿಸಿದಳು.

"ನಿಮ್ಮ ನೌಕರಿ ಹೋಕ್ಕೈತಿ."

"ಹೇಳಿದ್ರ ಅವರದು ಹೋಕ್ಕೈತ್ರಿ."

"ಮೂರು ದಿನದ ಕೂಸು ತಣ್ಣಗಾಗಿತ್ತು ಸುಕನ್ಯಾ."

ಅವಳ ಕಣ್ಣು ತುಂಬಿತು. ಹೆಸರು ಮಾತ್ರ ಹೇಳಲಿಲ್ಲ. ಮಂದಾಕಿನಿ ಒತ್ತಾಯಿಸಲಿಲ್ಲ. ಅವಳ ತಂದೆ ಕೆಳಗೆ ಗೇಟಿನ ಬಳಿ ಊಟದ ಡಬ್ಬಿ ಹಿಡಿದು ನಿಂತಿದ್ದರು. ಮಂದಾಕಿನಿ ಅವಳನ್ನು ಅವರ ಜೊತೆ ಮನೆಗೆ ಕಳಿಸಿದರು.

ನವೆಂಬರ್ 29, ಶನಿವಾರ, ಬೆಳಿಗ್ಗೆ 9.45. ಮಂದಾಕಿನಿ ಕ್ಯಾಲೆಂಡರ್ ತೆರೆದರು. ತಿದ್ದಿದ ದಿನ, ನವೆಂಬರ್ 10, ಸೋಮವಾರ. ಮಧ್ಯಾಹ್ನ 1.32, ಊಟದ ಹೊತ್ತು.

ಶೆಡ್ಡಿನ ಊಟದ ಕೋಣೆಯಲ್ಲಿ ಕ್ಯಾಮೆರಾ ಇತ್ತು. ಹುಲಗೇಶ ಆ ದಿನದ ದೃಶ್ಯ ಹಾಕಿಸಿದ. 1.15ರಿಂದ 1.50ರವರೆಗೆ ಕೋಣೆ ತುಂಬಿತ್ತು. ಸುಕನ್ಯಾ ತನ್ನ ಡಬ್ಬಿಯ ಬದನೆಕಾಯಿ ಪಲ್ಯ ಹಂಚುತ್ತಿದ್ದಳು. 1.32ಕ್ಕೆ ಅವಳ ಕೈಯಲ್ಲಿ ಚಮಚ ಇತ್ತು.

ಹುಲಗೇಶ ಉಸಿರು ಬಿಟ್ಟ. "ಆಕಿ ಅಲ್ಲ ಮೇಡಮ್. ಆಕಿ ಅಲ್ಲ."

"ಯಾರಿಲ್ಲ ನೋಡು."

ಬಸವಪ್ರಭು ಆ ದಿನ ಮುಂಬೈಯಲ್ಲಿದ್ದ. ಆಫೀಸಿನ ಐದು ಜನ ಎಂಜಿನಿಯರುಗಳಲ್ಲಿ ಊಟದ ಕೋಣೆಯಲ್ಲಿ ನಾಲ್ವರು ಇದ್ದರು. ಚನ್ನಯ್ಯ ಎಂಬವರು ಇರಲಿಲ್ಲ. ಹುಲಗೇಶ ಒಬ್ಬ ಫಿಟ್ಟರನನ್ನು ಕೇಳಿದ.

"ಚನ್ನಯ್ಯ ಸರ್ ಊಟಕ್ಕ ಬರೂದಿಲ್ಲೇನು?"

"ದಿನಾ ಬರ್ತಾರ. ಸೋಮವಾರ ಮಾತ್ರ ಇಲ್ರಿ. ಅವರದು ಒಪ್ಪತ್ತು. ಅದೂ ಕಾರ್ತೀಕ ಸೋಮವಾರ."

ಚನ್ನಯ್ಯ ಕಂಪನಿಯ ಹಿರಿಯ ಎಂಜಿನಿಯರ್, ವಯಸ್ಸು ಐವತ್ತಮೂರು. ಹತ್ತೊಂಬತ್ತು ವರ್ಷದ ಸೇವೆ. ಸುಕನ್ಯಾ ಸೇರಿ ಎಲ್ಲ ಎಂಜಿನಿಯರುಗಳೂ ಕೆಲಸ ಕಲಿತದ್ದು ಅವರಿಂದಲೇ.

ಮಂದಾಕಿನಿ ಐವರ ಹಳೆಯ ಕೋಡನ್ನೂ ತೆಗೆಸಿದರು, ಏಪ್ರಿಲಿಗಿಂತ ಮೊದಲು ಕೈಯಿಂದ ಬರೆದದ್ದು. ಒಬ್ಬೊಬ್ಬರದು ಹತ್ತು ಪುಟ. ಹೆಸರು ಮುಚ್ಚಿ, ಮೂಲೆಯಲ್ಲಿ ಒಂದರಿಂದ ಐದರವರೆಗೆ ಅಂಕಿ ಹಾಕಿ ಪಂಚರ ಮುಂದೆ ಇಟ್ಟರು. ದಸ್ತಗೀರಸಾಬ ನಾಲ್ಕನೆಯ ಕಟ್ಟನ್ನು ಎತ್ತಿ ತೊಂಬತ್ತೇಳನೆಯ ಪುಟದ ಪಕ್ಕ ಇಟ್ಟರು. ಎರಡು ನಿಮಿಷವೂ ಹಿಡಿಯಲಿಲ್ಲ. ಚಹಾದಂಗಡಿಯವನು ಕೂಡ ಅದನ್ನೇ ತೋರಿಸಿದ. ನಾಲ್ಕನೆಯದು ಚನ್ನಯ್ಯನವರದು.

ಮಧ್ಯಾಹ್ನ 3.30ಕ್ಕೆ ಚನ್ನಯ್ಯ ಎದುರಿಗೆ ಕೂತರು. ಹಣೆಗೆ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಮಂದಾಕಿನಿ ಎರಡೂ ಪುಟಗಳನ್ನು ಅವರ ಮುಂದೆ ಸರಿಸಿದರು. ಅವರು ಕನ್ನಡಕ ಹಾಕಿ ನೋಡಿದರು. ಬಳಿಕ ತೆಗೆದು ಮಡಚಿದರು.

"ಸುಕನ್ಯಾನ ಮ್ಯಾಲ ಕೇಸ್ ಆಗೇತೇನ್ರಿ?"

"ನೋಟಿಸು ಕೊಟ್ಟೀವಿ."

"ಅದನ್ನ ವಾಪಸ್ ತಗೊಳ್ರಿ. ನಾನು ಬರದದ್ದು ಇದು."

"ಯಾಕ್ರಿ ಅಯ್ಯಾರ?" ಕೇಳಿದವನು ಹುಲಗೇಶ. ಪ್ರಶ್ನೆ ಕೇಳುವುದು ತನ್ನ ಸರದಿಯಲ್ಲ ಎಂಬುದು ಅವನಿಗೆ ಮರೆತುಹೋಗಿತ್ತು.

"ಈ ಆಫೀಸಿನ್ಯಾಗ ಒಂದು ಉದ್ದನ್ನ ಟೇಬಲ್ ಇತ್ತು. ಯಾರ ಕೋಡ್ ಬರದ್ರೂ ಪ್ರಿಂಟ್ ತಗದು ಅದರ ಮ್ಯಾಲ ಹಾಸಿ, ನಾಕು ಮಂದಿ ಕೂತು ಓದತಿದ್ವಿ. ಏಪ್ರಿಲ್‌ದಾಗ ಆ ಟೇಬಲ್ ಮಾರಿದ್ರು. ಯಂತ್ರ ಬರೀತೈತಿ, ಇನ್ನ ಓದೂದು ಬ್ಯಾಡ ಅಂದ್ರು. ಅದು ಬರದದ್ದನ್ನ ಒಂದೀಟು ನೆಟ್ಟಗ ಮಾಡಿ ಓದೂಣು ಅಂತ ನಾನು ಮೂರು ಸಲ ಕೇಳಿದೆ. ಮೂರನೇ ಸಲ ನಕ್ಕರು."

"ಅದಕ್ಕ?"

"ಯಾರೂ ಓದೂದಿಲ್ಲ ಅಂತ ತೋರಸಬೇಕಿತ್ತು. ಪರೀಕ್ಷಿಯೊಳಗ ಅಲಾರಾಂ ತಡ ಆಗತೈತಿ, ಎಲ್ಲಾರೂ ಗಾಬರಿ ಆಗತಾರ, ಓದಾಕ ಕೂಡತಾರ. ಅಷ್ಟ ನನ್ನ ಲೆಕ್ಕ ಇತ್ತು. ಪರೀಕ್ಷೀನ ಬಿಡತಾರ ಅಂತ ನನ್ನ ತಲ್ಯಾಗ ಬರಲಿಲ್ಲ."

"ಬೋರ್ಡು ಹೋದದ್ದು ಹದಿನಾಲ್ಕಕ್ಕ. ಅವತ್ತ ಎಲ್ಲಿದ್ರಿ?"

"ಮನ್ಯಾಗ. ಹನ್ನೊಂದರಿಂದ ಚಿಕುನ್‌ಗುನ್ಯಾ. ಹದಿನೆಂಟಕ್ಕ ಬಂದೆ. ಆವಾಗ ಗೊತ್ತಾತು."

"ಅವತ್ತ ಹೇಳಿದ್ರ ಆಗತಿತ್ತು."

"ಹೇಳಬೇಕಿತ್ತು. ನಾಳೆ ಹೇಳಿದ್ರಾತು ಅಂದೆ. ಹಂಗ ಒಂಬತ್ತು ದಿನ ಆತು." ಅವರು ತಮ್ಮ ಅಂಗೈ ನೋಡಿಕೊಂಡರು. "ಕೂಸು ಉಳೀತಂತ?"

"ಉಳೀತು. ತೂಕ ಏರೇತಿ."

ಚನ್ನಯ್ಯ ಕಣ್ಣು ಮುಚ್ಚಿದರು. ಹುಲಗೇಶ ನೀರಿನ ಲೋಟ ಅವರ ಹತ್ತಿರ ಸರಿಸಿದ.

ಸಂಜೆ 4.10ಕ್ಕೆ ಬಂಧನ. ಕಾರಣವನ್ನು ಬರೆದುಕೊಟ್ಟು, ಮನೆಯವರಿಗೆ ತಿಳಿಸಲಾಯಿತು. ಪರೀಕ್ಷೆ ಇಲ್ಲದೆ ಬೋರ್ಡು ಕಳಿಸಿದ್ದಕ್ಕೆ ಬಸವಪ್ರಭುವನ್ನು ಎರಡನೆಯ ಆರೋಪಿಯಾಗಿ ಸೇರಿಸಿ ನೋಟಿಸು ಜಾರಿ ಮಾಡಲಾಯಿತು.

ಡಿಸೆಂಬರ್ 1, ಸೋಮವಾರ, ಬೆಳಿಗ್ಗೆ 11. ಸುಕನ್ಯಾ ಠಾಣೆಗೆ ಬಂದಳು. ತಂದೆ ಹೊರಗಿನ ಬೆಂಚಿನ ಮೇಲೆ ಕೂತರು. ಈ ಸಲ ಡಬ್ಬಿ ಇರಲಿಲ್ಲ. ಅದೇ ಬೆಂಚಿನಲ್ಲಿ ಪರಮೇಶನೂ ಇದ್ದ, ಫೇಡೆಯ ಪೊಟ್ಟಣ ಹಿಡಿದು. ಅವನ ಮಗಳನ್ನು ನರ್ಸಿಂಗ್ ಹೋಮಿನಿಂದ ಮನೆಗೆ ಕಳಿಸಿದ್ದರು. ಅವನು ಯಾರೆಂದು ಇವರಿಗೆ, ಇವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಫೇಡೆ ಕೊಟ್ಟ, ಇವರು ತಿಂದರು.

ಒಳಗೆ ಮಂದಾಕಿನಿ ವೆರಿಫಿಕೇಶನ್ ಅರ್ಜಿ ತೆರೆದು ಖಾಲಿ ಕಾಲಂನಲ್ಲಿ 'ಯಾವುದೂ ಇಲ್ಲ' ಎಂದು ಬರೆದು, ಸಹಿ ಹಾಕಿ, ಠಸ್ಸೆ ಒತ್ತಿದರು. ಸುಕನ್ಯಾ ಅದನ್ನು ಎರಡು ಸಲ ಓದಿದಳು. ಅವಳ ಭುಜ ಕೆಳಗಿಳಿಯಿತು.

"ನಾಲ್ಕು ದಿನ ಇನ್ನೂ ಅದಾವು. ಹೋಗಿ ಹಾಜರಾಗ್ರಿ."

"ಮೇಡಮ್, ಸರ್ ಏನಾದ್ರೂ ಅಂದ್ರೇನ್ರಿ?"

ಮಂದಾಕಿನಿ ಕಡತದಿಂದ ಚನ್ನಯ್ಯನವರ ಹೇಳಿಕೆ ತೆಗೆದರು. ತಾವೇ ಬರೆದುಕೊಡುತ್ತೇನೆ ಎಂದು ಅವರು ಕೇಳಿಕೊಂಡಿದ್ದರು. ಗೆರೆ ಇಲ್ಲದ ಬಿಳಿ ಹಾಳೆ. ಎಡಕ್ಕೆ ಎರಡು ಬೆರಳು ಜಾಗ ಬಿಟ್ಟಿದ್ದರು. ಸಾಲುಗಳು ಸ್ಕೇಲು ಇಟ್ಟಂತೆ ನೇರ ಇದ್ದವು.

"ಬಚ್ಚಿಡಬೇಕು ಅಂದ್ರ ಯಂತ್ರದಂಗ ಅಡ್ಡಾದಿಡ್ಡಿ ಬರೀಬೇಕಿತ್ತಲ್ಲ ಅಂತ ಕೇಳಿದೆ. ಎರಡು ಸಲ ಹಂಗ ಬರದ್ರಂತ. ನೋಡಾಕ ಆಗಲಿಲ್ಲಂತ. ಮತ್ತ ನೆಟ್ಟಗ ಮಾಡಿದ್ರಂತ."

ಸುಕನ್ಯಾ ತಲೆಯಾಡಿಸಿದಳು.

"ಯಾರು ಕಂಡುಹಿಡದ್ರು ಅಂತ ಕೇಳಿದ್ರು. ಪಂಚ ಒಬ್ಬರು, ಇಂಗ್ಲಿಷ್ ಓದಾಕ ಬರದವರು, ಒಂದೊಂದು ಪುಟಾನೂ ನೋಡಿ ಸಹಿ ಹಾಕಿದವರು ಅಂತ ಹೇಳಿದೆ."

"ಅದಕ್ಕೇನಂದ್ರು?"

"ಒಬ್ಬರಾದ್ರೂ ನೋಡಿದ್ರಲ್ಲ, ಅಂದ್ರು."

ಮಂದಾಕಿನಿ ಹೇಳಿಕೆಯನ್ನು ಕಡತದೊಳಗೆ ಸೇರಿಸಿ, ದಾರ ಕಟ್ಟಿದರು.